ಮೂರನೆಯ ಪಟ್ಟೆ

ವಿಹಾರದ ಮುಖ್ಯ ಭಿಕ್ಷುವಾಗಿದ್ದ ಹಿರಿಯ ಭಂತೆ ತೀರಿಕೊಂಡು, ರೂಢಿಯಂತೆ ದೇಹವನ್ನು ಪೆಟ್ಟಿಗೆಯಲ್ಲಿ ಕಾದಿರಿಸಿ ಹದಿನಾಲ್ಕು ತಿಂಗಳಾದ ಮೇಲೆ, ಬೇಸಿಗೆಯಲ್ಲಿ ಅವರ ದಹನವೆಂದು ನಿಶ್ಚಯವಾಯಿತು. ಫೆಟ್ಚಬುರಿಯ ನದಿದಂಡೆಯ ಆ ವಿಹಾರದಲ್ಲಿ ಅಂಥ ದೊಡ್ಡ ಸಮಾರಂಭ ನಡೆದು ನಲವತ್ತು ವರ್ಷವಾಗಿತ್ತು. ಚಿತೆಗೆ ಇಡಲು ರಾಜರ ಅರಮನೆಯಿಂದಲೇ ಬೆಂಕಿ ಬರುವುದಿತ್ತು. ಐದು ಜಿಲ್ಲೆಗಳ ಭಿಕ್ಷುಗಳು ಬರುವವರಿದ್ದರು. ಚಿತೆಯ ಅಲಂಕಾರದ ಮಾತು ಬಂದಾಗ ಈಗಿನ ಸಣ್ಣ ಭಂತೆ ಗೋಡೆಯ ಕ್ಯಾಲೆಂಡರಿನಿಂದ ಹರಿದ ಹಾಳೆಯೊಂದನ್ನು ತಂದು, ಅದರ ಬೆನ್ನಿಗೆ ಹಿರಿಯರು ಬರೆದಿಟ್ಟಿದ್ದನ್ನು ಸಭೆಗೆ ಓದಿ ಹೇಳಿದರು.

"ನನ್ನ ಚಿತೆಗೆ ಮಣ್ಣು ತಿನ್ನಲಾರದ್ದು ಯಾವುದೂ ಬೇಡ. ತಂತಿ ಬೇಡ, ಪ್ಲಾಸ್ಟಿಕ್ ಬೇಡ, ಥರ್ಮಾಕೋಲ್ ಬೇಡವೇ ಬೇಡ. ಬಾಳೆ, ಬಿದಿರು, ಊರಿನ ಹೂವು ಸಾಕು. ಕೆಲಸ ಪಿಕುನ್ ಮಾಡಲಿ."

ಸಭೆಯಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿ ನೋಡಿದರು. ಕಂಬದ ಪಕ್ಕ ಕೂತಿದ್ದ ಪಿಕುನ್ ತಲೆ ತಗ್ಗಿಸಿದಳು. ಐವತ್ತು ವರ್ಷದ ಆ ಹೆಂಗಸಿಗೆ ಸೇತುವೆಯ ಬದಿಯಲ್ಲಿ ಹೂವಿನ ಅಂಗಡಿಯಿತ್ತು. ಮದುವೆ, ಸಾವು, ಅಧಿಕಾರಿಗಳ ಸ್ವಾಗತ ಎಲ್ಲಕ್ಕೂ ಯಂತ್ರದಲ್ಲಿ ಕೊರೆದ ಥರ್ಮಾಕೋಲಿಗೆ ಚಿನ್ನದ ಬಣ್ಣ ಬಳಿದು, ಮೇಲೆ ಹೂ ಚುಚ್ಚಿ ಕೊಡುತ್ತಿದ್ದಳು. ಊರವರು ಬೆನ್ನ ಹಿಂದೆ ಅವಳನ್ನು ಕರೆಯುತ್ತಿದ್ದುದೇ ಥರ್ಮಾಕೋಲ್ ಪಿಕುನ್ ಎಂದು.

ಆದರೆ ಹಿರಿಯ ಭಂತೆಗೆ ಗೊತ್ತಿತ್ತು, ಅವಳ ಕೈಯಲ್ಲಿ ಇನ್ನೊಂದು ವಿದ್ಯೆಯಿದೆ ಎಂದು. ಬಾಳೆಕಂಬವನ್ನು ಸುತ್ತಿದ ಪಟ್ಟೆಗೆ ಎರಡಲಗಿನ ತೆಳು ಚೂರಿ ಚುಚ್ಚಿ, ಮೊದಲೇ ಗೆರೆ ಎಳೆಯದೆ, ಅಳತೆ ಹಿಡಿಯದೆ, ಕಣ್ಣಂದಾಜಿನಲ್ಲೇ ಹಲ್ಲಿನ ಸಾಲಿನಂಥ ಚಿತ್ತಾರ ಬಿಡಿಸುವ ವಿದ್ಯೆ ಅದು. ಹಿಂದಿನಿಂದಲೂ ಚಿತೆಗಳಿಗೆ ಅದೇ ಅಲಂಕಾರ. ಜಿಲ್ಲೆಯಲ್ಲಿ ಅದನ್ನು ಬಲ್ಲ ಕೊನೆಯವರು ಥೋಂಗ್‌ಬೈ ಮೇಷ್ಟ್ರು. ಹೆಂಗಸರು ಆ ಚೂರಿ ಹಿಡಿಯುವ ರೂಢಿಯಿರಲಿಲ್ಲ. ಅದರ ಮೇಲೆ ಪಿಕುನ್ ಎಡಚಿ. ಆದರೂ ಬೇರೆ ಯಾರೂ ಕಲಿಯಲು ಬರದ ಕಾರಣ ಮೇಷ್ಟ್ರು ಹದಿನಾಲ್ಕರ ಹುಡುಗಿಯನ್ನು ಮುಂದೆ ಕೂರಿಸಿಕೊಂಡರು. ಹನ್ನೊಂದು ವರ್ಷ ಕಲಿಸಿದರು. ಆಮೇಲೆ ಅವಳು ಅಂಗಡಿ ಇಟ್ಟಳು. ಬಾಳೆ ಕೆಲಸಕ್ಕೆ ನಾಲ್ಕು ಜನ ಬೇಕು, ಹಿಂದಿನ ದಿನವೇ ಕೂತು ಮುಗಿಸಬೇಕು, ಮರುದಿನ ಸಂಜೆಗೆ ಬಾಡುತ್ತದೆ. ಥರ್ಮಾಕೋಲ್ ಎರಡು ಗಂಟೆಯ ಕೆಲಸ, ವರ್ಷ ಬಿಟ್ಟರೂ ಬಾಡದು. ಬರಬರುತ್ತ ಜನ ಅದನ್ನೇ ಕೇಳಿದರು, ಅವಳು ಅದನ್ನೇ ಕೊಟ್ಟಳು.

ಎಂಟು ವರ್ಷದ ಹಿಂದೆ ಮೇಷ್ಟ್ರು ಹಾಸಿಗೆ ಹಿಡಿದಾಗ ಪಿಕುನ್ ಕಿತ್ತಳೆಹಣ್ಣು ತೆಗೆದುಕೊಂಡು ನೋಡಲು ಹೋಗಿದ್ದಳು. ಮನೆಯ ಹಿಂದಿನ ಬಾಳೆಗುಂಪಿನ ನೆರಳಿನಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದರು.

"ನನ್ನದು ನೀನೇ ಮಾಡ್ತೀಯ ತಾನೆ?" ಎಂದು ಕೇಳಿದರು.

"ಮಾಡ್ತೀನಿ ಮೇಷ್ಟ್ರೇ," ಎಂದಳು. ಅವರು ಇನ್ನೊಮ್ಮೆ ಕೇಳಿದರು. ಅವಳು ಇನ್ನೊಮ್ಮೆ ಹೇಳಿದಳು.

ಮಳೆಗಾಲದಲ್ಲಿ ಅವರು ಹೋದರು. ಅದೇ ವಾರ ಪಿಕುನ್‌ಗೆ ಕಡಲತೀರದ ಹೋಟೆಲಿನಲ್ಲಿ ದೊಡ್ಡ ಮದುವೆಯ ಕೆಲಸವಿತ್ತು. ಚಿತೆಗೆ ಥರ್ಮಾಕೋಲಿನ ಚೌಕಟ್ಟನ್ನೇ ಗಾಡಿಯಲ್ಲಿ ಕಳಿಸಿ, ತಾನು ಬೆಂಕಿ ಇಡುವ ಹೊತ್ತಿಗೆ ಓಡಿ ಬಂದಳು. ಬೆಂಕಿ ತಗುಲಿದ ಕೂಡಲೇ ಅದು ಕರಗಿ, ಉರಿಯುವ ಹನಿಹನಿಯಾಗಿ ಶವದ ಪೆಟ್ಟಿಗೆಯ ಮೇಲೆ ಸುರಿಯಿತು. ಕಪ್ಪು ಹೊಗೆ ಎದ್ದು ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಹಿರಿಯ ಭಂತೆ ಮಾತ್ರ ಹೊದ್ದ ಚೀವರದ ಅಂಚನ್ನು ಮುಖಕ್ಕೆ ಹಿಡಿದು ಕೂತಲ್ಲೇ ಕೂತಿದ್ದರು. ಮೇಷ್ಟ್ರ ಮಗಳು ವಿಲೈ ನೆರೆದವರೆದುರಿಗೇ ಹೇಳಿದಳು: "ನಮ್ಮಪ್ಪನ್ನ ಕಸದ ಗುಡ್ಡೆ ಸುಟ್ಟ ಹಾಗೆ ಸುಟ್ಬಿಟ್ಟೆಯಲ್ಲೇ ಪಿಕುನ್." ಅಲ್ಲಿಂದೀಚೆಗೆ ಅವರಿಬ್ಬರ ನಡುವೆ ಮಾತಿರಲಿಲ್ಲ.

ಈಗ ಪಿಕುನ್ ಮತ್ತೆ ಅದೇ ಮನೆಯ ಬಾಗಿಲಿಗೆ ಹೋಗಬೇಕಾಯಿತು. ಚಿತ್ತಾರಕ್ಕೆ ಸಾಮಾನ್ಯ ಬಾಳೆ ಆಗದು, ಪಟ್ಟೆ ಬೇಗ ಕಪ್ಪಾಗುತ್ತದೆ. ಬೀಜ ತುಂಬಿದ ಕಲ್ಲುಬಾಳೆಯೇ ಬೇಕು. ತಿನ್ನಲು ಬಾರದ ಆ ಬಾಳೆಯನ್ನು ಊರಿನವರೆಲ್ಲ ಕಡಿದು ಹಾಕಿದ್ದರು. ಇಪ್ಪತ್ತನಾಲ್ಕು ಕಂಬ ಸಿಗುವಷ್ಟು ಕಲ್ಲುಬಾಳೆ ಉಳಿದಿದ್ದುದು ಮೇಷ್ಟ್ರ ಹಿತ್ತಲಿನಲ್ಲಿ ಮಾತ್ರ.

ಜೊತೆಗೆ ಸಂಗುವಾನ್‌ನನ್ನು ಕರೆದುಕೊಂಡಳು. ಬಾಳೆ ಕಡಿಯುವುದು, ತಾಳೆಮರ ಹತ್ತುವುದು ಅವನ ಕಸುಬು. ಅರವತ್ತೈದಾಗಿದ್ದರೂ ಬಾಯಿಗೆ ಬಿಡುವಿರಲಿಲ್ಲ.

ವಿಲೈ ಹಿತ್ತಲಿನ ಒಲೆಯಲ್ಲಿ ತಾಳೆಬೆಲ್ಲ ಕಾಸುತ್ತಿದ್ದಳು. ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಹಿರಿಯ ಭಂತೆಯವರ ಕೆಲಸ ಅಕ್ಕ," ಎಂದಳು ಪಿಕುನ್. "ಇಲ್ಲದಿದ್ರೆ ನಾನು ನಿಮ್ಮ ಹೊಸ್ತಿಲು ತುಳೀತಿರಲಿಲ್ಲ."

"ಗೊತ್ತು. ಇಡೀ ಊರಿಗೇ ಗೊತ್ತಾಗಿದೆ. ನಿನ್ನನ್ನೇ ಯಾಕೆ ಹೆಸರು ಹೇಳಿ ಕರೆದ್ರೋ ಅದು ಮಾತ್ರ ಯಾರಿಗೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ."

"ಬಾಳೆ ನನ್ನದಲ್ಲ, ಅಪ್ಪ ನೆಟ್ಟಿದ್ದು. ಎಂಟು ವರ್ಷದಿಂದ ನಾನು ಅದಕ್ಕೆ ಕತ್ತಿ ತಾಗಿಸಿಲ್ಲ. ನನ್ನನ್ನ ಕೇಳಬೇಡ, ಅದನ್ನೇ ಹೋಗಿ ಕೇಳು."

ಕಲ್ಲುಬಾಳೆಯಲ್ಲಿ ಹೆಣ್ಣೊಬ್ಬಳು ಇರುತ್ತಾಳೆ, ಕೇಳದೆ ಕಡಿಯಬಾರದು ಎಂಬುದು ಅಲ್ಲಿಯ ನಂಬಿಕೆ. ಪಿಕುನ್ ಊದುಬತ್ತಿ ಹಚ್ಚಿ, ವೀಳ್ಯದ ಎಲೆ, ಅಡಿಕೆ, ಬಾಳೆಎಲೆಯಲ್ಲಿ ಕಟ್ಟಿದ ಸಿಹಿಯನ್ನು ಬುಡದಲ್ಲಿಟ್ಟು ಕೈಮುಗಿದಳು.

"ನನಗೂ ಒಂದು ಕೇಳಿಬಿಡು," ಎಂದ ಸಂಗುವಾನ್. "ಹೆಂಡ್ತಿ ಹೋಗಿ ಮೂರು ವರ್ಷ ಆಯ್ತು. ಒಳಗಿರೋಳಿಗೆ ಗಂಡ ಬೇಕಾಗಿದ್ರೆ ನಾನಿದ್ದೀನಿ."

"ಬಾಯಿ ಮುಚ್ಕೊಂಡು ಕಡಿ ಮಾವ."

ಬೆಳಗಿನ ಎಂಟು ಗಂಟೆ. ನದಿಯಿಂದ ಗಾಳಿ ಬೀಸಿ ಆಚೆಯ ತಾಳೆಮರಗಳ ಗರಿ ಸದ್ದು ಮಾಡುತ್ತಿದ್ದರೂ ಬಾಳೆಗುಂಪಿನ ಒಂದೇ ಒಂದು ಎಲೆ ಅಲುಗಲಿಲ್ಲ. ಪಿಕುನ್ ಅದನ್ನು ನೋಡಿದಳು. ಮೊದಲ ಕಂಬ ಬಿದ್ದಾಗ ಸಂಗುವಾನ್ ಹೆಗಲು ಕೊಟ್ಟು ಎತ್ತಿ, "ಗಬ್ಬದ ಎಮ್ಮೆ ಭಾರ ಇದೆಯಲ್ಲೇ ಇದು," ಎಂದ. ಆಮೇಲೆ ಅವನು ತಮಾಷೆ ಮಾಡಲಿಲ್ಲ.

ವಿಹಾರದ ಮಂಟಪದಲ್ಲಿ ಹೆಂಗಸರು ಆಗಲೇ ಕೂತಿದ್ದರು. ಎಕ್ಕದ ಮೊಗ್ಗನ್ನು ಬಾಳೆನಾರಿನಲ್ಲಿ ಪೋಣಿಸಿ ಬಲೆ ಹೆಣೆಯುವವರು, ಮಲ್ಲಿಗೆ ಬಿಡಿಸುವವರು, ಕಮಲದ ದಳ ಮಡಿಸುವವರು. ಎಲ್ಲ ಊರಿನ ಹಿತ್ತಲುಗಳಿಂದಲೇ ಬಂದ ಹೂವು. ಮೊಳೆಯ ಬದಲಿಗೆಂದು ಬಿದಿರಿನ ಕಡ್ಡಿಗಳನ್ನು ಚೂಪು ಮಾಡಿಟ್ಟಿದ್ದರು. ಪಿಕುನ್ ಇನ್ನೊಂದು ಬದಿಯಲ್ಲಿ ಚಾಪೆ ಹಾಸಿ, ಮೇಷ್ಟ್ರು ಕೊಟ್ಟಿದ್ದ ಹಳೆಯ ಚೂರಿಯನ್ನು ಬಟ್ಟೆಯಿಂದ ಬಿಚ್ಚಿದಳು.

ಮೊದಲ ಕಂಬದ ಹೊರಪಟ್ಟೆ ಒಣಗಿತ್ತು, ಬಿಸಾಕಿದರು. ಎರಡನೆಯದು ಬಿರುಕು ಬಿಟ್ಟಿತ್ತು, ಅದೂ ಹೋಯಿತು. ಮೂರನೆಯ ಪಟ್ಟೆಯೇ ಕೆಲಸಕ್ಕೆ ಬರುವಂಥದ್ದು. ಸಂಗುವಾನ್ ಅದನ್ನು ಮೆಲ್ಲಗೆ ಸುಲಿದು ಬೆಳಕಿಗೆ ಹಿಡಿದ.

"ಹುಳ ತಿಂದಿದೆ," ಎಂದ.

ಪಿಕುನ್ ಕೈಗೆ ತೆಗೆದುಕೊಂಡಳು. ಹುಳ ತಿಂದಿರಲಿಲ್ಲ. ಪಟ್ಟೆಯ ಉದ್ದಕ್ಕೂ ಹಲ್ಲಿನ ಸಾಲು ಕೊರೆದಿತ್ತು. ಒಂದೊಂದು ಹಲ್ಲೂ ಹೆಬ್ಬೆಟ್ಟಿನಷ್ಟು, ಅಂಚು ಚೂಪು, ನಡುವೆ ಪುಟ್ಟ ಹೂವಿನ ಕಣ್ಣು. ಬಾಳೆಯ ಗಾಯ ಅರ್ಧ ಗಂಟೆಯಲ್ಲಿ ಕಂದಾಗುತ್ತದೆ. ಈ ಕೊರೆತ ಹಾಲಿನ ಹಾಗೆ ಬಿಳಿಯಾಗಿತ್ತು, ಅಂಚಿನಲ್ಲಿ ಸೊನೆ ಇನ್ನೂ ಒಸರುತ್ತಿತ್ತು. ಹೊರಗಿನ ಎರಡು ಪಟ್ಟೆಗಳನ್ನು ಅವಳು ಮತ್ತೆ ಎತ್ತಿ ನೋಡಿದಳು. ಅವುಗಳ ಮೇಲೆ ಸೂಜಿ ಚುಚ್ಚಿದ ಗುರುತೂ ಇರಲಿಲ್ಲ.

"ಯಾರಿಗೂ ಹೇಳಬೇಡ," ಎಂದಳು. "ಇನ್ನೊಂದು ಸುಲಿ."

ಎರಡನೆಯ ಕಂಬದಲ್ಲೂ ಇತ್ತು. ಮೂರನೆಯದರಲ್ಲಿ ಇರಲಿಲ್ಲ. ನಾಲ್ಕು, ಐದು, ಏಳರಲ್ಲಿ ಇತ್ತು. ಸಂಗುವಾನ್ ಸುಲಿಯುತ್ತ ಹೋದ. ಒಟ್ಟು ಹನ್ನೊಂದು ಕಂಬಗಳಲ್ಲಿ ಸಿಕ್ಕಿತು. ಚಾಪೆಯ ಮೇಲೆ ಒಂದರ ಪಕ್ಕ ಒಂದು ಇಟ್ಟಾಗ ಅವು ತಾವಾಗಿ ಹೊಂದಿಕೊಂಡವು: ಉದ್ದದ ಬದಿಗಳು, ಗಿಡ್ಡ ಬದಿಗಳು, ನಾಲ್ಕು ಮೂಲೆಗಳು. ಹಿರಿಯ ಭಂತೆಯ ಐದಂತಸ್ತಿನ ಚಿತೆಯ ಅಳತೆ ಅದಲ್ಲ. ಒಬ್ಬ ಸಾಧಾರಣ ಮನುಷ್ಯನಿಗೆ ಕಟ್ಟುವ ಒಂದಂತಸ್ತಿನ ಚಿತೆ. ಮುಂಭಾಗದ ಪಟ್ಟಿಯೊಂದು ಮಾತ್ರ ಅರ್ಧಕ್ಕೆ ನಿಂತಿತ್ತು. ಹಲ್ಲೊಂದರ ಮೇಲುಗೀರು ಆಗಿತ್ತು, ಕೆಳಗೀರು ಆಗಿರಲಿಲ್ಲ.

"ಮೇಷ್ಟ್ರು," ಎಂದಳು ಪಿಕುನ್ ತಗ್ಗಿದ ದನಿಯಲ್ಲಿ. "ಮೇಷ್ಟ್ರೇ ಮಾಡ್ತಿದ್ದಾರೆ ಮಾವ. ನಾನು ಮಾಡಲಿಲ್ಲ ಅಂತ."

"ಹೊಳೆಗೆ ಹಾಕಿ ಬರ್ತೀನಿ."

"ಮುಟ್ಟಬೇಡ."

ಅಷ್ಟರಲ್ಲಿ ವಿಲೈ ಬಂದಳು. ಹೂ ಪೋಣಿಸುವವರಿಗೆಂದು ಮಲ್ಲಿಗೆ ಹಾಕಿದ ತಣ್ಣೀರಿನಲ್ಲಿ ಅನ್ನ ನೆನೆಸಿ, ಮಡಕೆಯಲ್ಲಿ ಹೊತ್ತು ತಂದಿದ್ದಳು. ಚಾಪೆಯ ಮೇಲಿನದನ್ನು ಕಂಡು ನಿಂತುಬಿಟ್ಟಳು. ಮಡಕೆಯನ್ನು ಇಳಿಸಲಿಲ್ಲ.

"ಒಬ್ಬ ಗೃಹಸ್ಥನ ಚಿತೆ ಇದು. ಯಾರಿಗೆ ಮಾಡಿದ್ದೀಯ?"

"ನಾನು ಮಾಡಿಲ್ಲ ಅಕ್ಕ. ಕಂಬದ ಒಳಗಿತ್ತು. ಸಂಗುವಾನ್ ಮಾವನ್ನ ಕೇಳಿ. ಮೇಷ್ಟ್ರ ಕೈ ಅದು."

ವಿಲೈ ಮಡಕೆ ಇಳಿಸಿ, ಕೂತು, ಒಂದು ಪಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಬೆರಳನ್ನು ಒಂದೊಂದೇ ಹಲ್ಲಿನ ಮೇಲೆ ಎಳೆದಳು.

"ನಮ್ಮಪ್ಪನ ಕೈ ನನಗೆ ಗೊತ್ತಿಲ್ವೇನೇ? ಅವರ ಹಲ್ಲು ನೆಟ್ಟಗೆ ನಿಲ್ತಿತ್ತು. ಇದು ಎಡಕ್ಕೆ ವಾಲಿದೆ ನೋಡು, ಪ್ರತಿಯೊಂದೂ. 'ಕುಡುಕ ಗೋಡೆಗೆ ಒರಗಿದ ಹಾಗೆ ಒರಗುತ್ತೆ ಈ ಹುಡುಗಿ ಹಲ್ಲು' ಅಂತ ಊಟಕ್ಕೆ ಕೂತಾಗೆಲ್ಲ ಹೇಳಿ ನಗೋರು. ಇದು ನಿನ್ನ ಕೈ."

ಪಿಕುನ್ ಹತ್ತಿರಕ್ಕೆ ಬಗ್ಗಿದಳು. ಎಡಗೈಯವರ ಚೂರಿ ಎದುರು ದಿಕ್ಕಿನಿಂದ ಒಳಹೋಗುತ್ತದೆ, ಹಲ್ಲಿನ ತುದಿ ಎಡಕ್ಕೆ ಬಾಗುತ್ತದೆ. ಎಷ್ಟು ತಿದ್ದಿದರೂ ಹೋಗದ ಅವಳ ದೋಷ ಅದು. ಹೂವಿನ ಕಣ್ಣು ಕೊರೆಯುವಾಗ ಕೊನೆಗೆ ಚೂರಿಯನ್ನು ಸ್ವಲ್ಪ ತಿರುವುವ ಚಟವೂ ಅವಳದೇ. ಎಲ್ಲ ಅಲ್ಲಿತ್ತು. ಬಾಳೆ ಮುಟ್ಟದೆ ಹದಿನೈದು ವರ್ಷ ಕಳೆದ ಕೈ, ಯಾರೂ ಕಾಣದ ಕಡೆ ಕೂತು ಈ ಕೆಲಸ ಮಾಡಿತ್ತು. ಎಂಟು ವರ್ಷದಿಂದ ತನ್ನ ಎಡ ಮಣಿಕಟ್ಟು ನೋಯುತ್ತಿದ್ದುದು ಅವಳಿಗೆ ಆಗ ನೆನಪಾಯಿತು. ನರದ ತೊಂದರೆ ಎಂದು ಡಾಕ್ಟರು ಮುಲಾಮು ಕೊಟ್ಟಿದ್ದರು. ಬೆಳಿಗ್ಗೆ ಏಳುವಾಗ ದಿನವಿಡೀ ದುಡಿದವಳ ಕೈಯ ಹಾಗೆ ಸೆಳೆಯುತ್ತಿತ್ತು.

ಅವಳು ಆ ಕೈಯನ್ನು ಸೊಂಟಕ್ಕೆ ಸುತ್ತಿದ್ದ ಪಂಚೆಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡಳು.

"ಮಧ್ಯಾಹ್ನ ನಾನು ಮಲಗಿದಾಗ ಹಿತ್ತಲಿಂದ ಸದ್ದು ಬರ್ತಿತ್ತು," ಎಂದಳು ವಿಲೈ. ಅವಳ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. "ಚಸ್, ಚಸ್ ಅಂತ. ಗಾಳಿಗೆ ಎಲೆ ಸೀಳ್ತಿದೆ ಅಂದ್ಕೊಳ್ತಿದ್ದೆ. ಎದ್ದು ಹೋಗಿ ನೋಡೋ ಧೈರ್ಯ ಒಂದಿನಾನೂ ಮಾಡಲಿಲ್ಲ."

"ನಾನು ಮಾಡ್ತೀನಿ ಅಂದಿದ್ದೆ ಅಕ್ಕ. ಎರಡು ಸಲ ಅಂದಿದ್ದೆ."

"ಅಂದಿದ್ದೆ. ನಾನು ಒಳಗಿಂದ ಕೇಳಿಸ್ಕೊಂಡಿದ್ದೆ."

ಸಂಗುವಾನ್ ಓಡಿಹೋಗಿ ಸಣ್ಣ ಭಂತೆಯನ್ನು ಕರೆತಂದಿದ್ದ. ಅವರು ಪಟ್ಟಿಗಳನ್ನು ನೋಡಿದರು. ಸುಲಿದ ಹೊರಪಟ್ಟೆಗಳನ್ನೂ ನೋಡಿದರು. ಬೆವರು ಒರೆಸಿಕೊಂಡರು.

"ಇದನ್ನ ದೊಡ್ಡವರ ಚಿತೆಗೆ ಕಟ್ಟಬಹುದಾ ಗುರುಗಳೇ?" ಎಂದು ಸಂಗುವಾನ್ ಕೇಳಿದ. "ಕೊರೆದದ್ದಂತೂ ಕೊರೆದಾಗಿದೆ. ಅರ್ಧ ಕೆಲಸ ಕಡಿಮೆಯಾಗ್ತದೆ."

"ಅದು ಅವರದ್ದಲ್ಲವಲ್ಲ," ಎಂದರು ಸಣ್ಣ ಭಂತೆ.

ಪಿಕುನ್ ಅರ್ಧಕ್ಕೆ ನಿಂತಿದ್ದ ಪಟ್ಟಿಯನ್ನು ತೆಗೆದು ಮುಂದಿಟ್ಟುಕೊಂಡಳು. ಗಂಟೆ ಹನ್ನೊಂದು ದಾಟಿತ್ತು. ನಾಳೆ ಸಂಜೆ ನಾಲ್ಕಕ್ಕೆ ಅರಮನೆಯ ಬೆಂಕಿ ಬರುತ್ತದೆ, ಹಿರಿಯ ಭಂತೆಯ ಚಿತೆಗೆ ಒಂದು ಹಲ್ಲೂ ಕೊರೆದಾಗಿಲ್ಲ. ಆದರೂ ಮೊದಲು ಇದನ್ನು ಮುಗಿಸಬೇಕೆಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಭಯದಿಂದಲೋ ನಾಚಿಕೆಯಿಂದಲೋ ಅವಳಿಗೇ ಗೊತ್ತಾಗಲಿಲ್ಲ.

ಚೂರಿಯನ್ನು ಆ ಅರ್ಧ ಗೀರಿನ ತುದಿಗೆ ಇಟ್ಟಳು. ಒತ್ತುವ ಮೊದಲೇ ಅದು ಒಳಗಿಳಿಯಿತು. ಪಟ್ಟೆ ಬೆಣ್ಣೆಯಂತೆ ದಾರಿ ಬಿಟ್ಟಿತು. ಹದಿನೈದು ವರ್ಷದ ಮೇಲೆ ಹಿಡಿದ ಚೂರಿ ಒಂದು ಸಲವೂ ತಡವರಿಸಲಿಲ್ಲ. ಎರಡನೆಯ ಹಲ್ಲು, ಮೂರನೆಯದು, ಹೂವಿನ ಕಣ್ಣು. ಅವಳು ನೋಡುತ್ತಿದ್ದಳು ಅಷ್ಟೆ. ಮಂಟಪದ ಆಚೆ ಬದಿಯಲ್ಲಿ ಹೆಂಗಸರ ಹರಟೆ ನಿಂತುಹೋಗಿತ್ತು. ಚಸ್, ಚಸ್ ಎಂಬ ಸದ್ದು ಮಾತ್ರ. ವಿಲೈ ಕಿವಿ ಮುಚ್ಚಿಕೊಂಡಳು, ಮತ್ತೆ ತೆಗೆದಳು.

"ಇದೇ ಸದ್ದು," ಎಂದಳು.

ಕೊನೆಯ ಹಲ್ಲು ಮುಗಿದದ್ದೇ ಪಟ್ಟೆ ಗಟ್ಟಿಯಾಯಿತು. ಚೂರಿ ಸಿಕ್ಕಿಕೊಂಡಿತು. ಅಲ್ಲಾಡಿಸಿ ಎಳೆದು ತೆಗೆಯಬೇಕಾಯಿತು.

ಅನ್ನ ತಿಂದ ಮೇಲೆ ಅವರು ಹಿರಿಯ ಭಂತೆಯ ಕೆಲಸಕ್ಕೆ ಕೂತರು. ಹನ್ನೊಂದು ಕಂಬಗಳ ಮೂರನೆಯ ಪಟ್ಟೆ ಹೋಗಿತ್ತಾದ್ದರಿಂದ ಆ ಕಂಬಗಳ ಒಳಗಿನ ಕಿರಿದಾದ ಪಟ್ಟೆಗಳನ್ನೇ ಬಳಸಿ, ಚಿತ್ತಾರವನ್ನು ಸಣ್ಣದು ಮಾಡಿದರು. ಈಗ ಪಿಕುನ್‌ನ ಕೈ ಸಾಮಾನ್ಯ ಕೈಯಾಗಿತ್ತು. ತಪ್ಪಿತು, ಹರಿಯಿತು, ಎರಡು ಪಟ್ಟಿ ಹಾಳಾದವು. ವಿಲೈ ಕೇಳದೆಯೇ ಎದುರು ಕೂತು ಹಿಂದಿನಿಂದ ಕೆಂಪು ಕಾಗದ ಒತ್ತಿ, ಬಿದಿರು ಕಡ್ಡಿ ಚುಚ್ಚಿ, ಒದ್ದೆ ಬಟ್ಟೆ ಹೊದಿಸುತ್ತ ಹೋದಳು. ಹುಡುಗಿಯಾಗಿದ್ದಾಗ ಅಪ್ಪನಿಗೆ ಮಾಡಿಕೊಡುತ್ತಿದ್ದ ಕೆಲಸ ಅದು.

"ವಾಲ್ತಿದೆ," ಎನ್ನುತ್ತಿದ್ದಳು ನಡುನಡುವೆ.

"ವಾಲಲಿ ಬಿಡಿ ಅಕ್ಕ."

"ಇಷ್ಟು ವರ್ಷ ಆದ್ರೂ ನೆಟ್ಟಗೆ ಮಾಡೋಕೆ ಬರಲಿಲ್ಲ ನಿನಗೆ."

ಮರುದಿನ ಬೆಳಿಗ್ಗೆ ಏಳಕ್ಕೆ, ಜನ ಸೇರುವ ಮೊದಲು, ವಿಹಾರದ ಹಿಂದಿನ ಗೋಡೆಯ ಬಳಿ ಆ ಸಣ್ಣ ಚಿತೆಯನ್ನು ಕಟ್ಟಿದರು. ವಿಲೈ ಗೋಡೆಯ ಗೂಡಿನಿಂದ ತಂದೆಯ ಎಲುಬಿನ ಚೂರುಗಳಿದ್ದ ಕುಡಿಕೆಯನ್ನು ತೆಗೆದು ತಂದು, ಚೂರುಗಳನ್ನು ಚಿತೆಯ ನಡುವೆ ಹರಡಿದಳು. ಎಂಟು ವರ್ಷದ ಹಿಂದಿನ ಆ ಬೆಂಕಿಯಲ್ಲಿ ಒಂದೆರಡು ಚೂರುಗಳಿಗೆ ಕಪ್ಪಾಗಿ ಏನೋ ಅಂಟಿಕೊಂಡಿತ್ತು, ಎಷ್ಟು ತೊಳೆದರೂ ಹೋಗಿರಲಿಲ್ಲ. ಸಣ್ಣ ಭಂತೆ ಮಂತ್ರ ಹೇಳಿದರು. ಸಂಗುವಾನ್ ದೂರದಲ್ಲಿ, ಬೇಕಾದರೆ ಓಡಲು ಅನುಕೂಲವಾಗುವ ಹಾಗೆ ನಿಂತಿದ್ದ.

ಹಸಿ ಬಾಳೆ ಹತ್ತುವುದಿಲ್ಲ. ಒಳಗಿನ ಸೌದೆ ಉರಿದರೂ ಅದು ಬಹಳ ಹೊತ್ತು ಆವಿಯಾಡುತ್ತ, ಸುರುಟಿಕೊಳ್ಳುತ್ತ ಇರುತ್ತದೆ. ಆದರೆ ಪಿಕುನ್ ಬೆಂಕಿ ಮುಟ್ಟಿಸಿದ ಕೂಡಲೇ ಹನ್ನೊಂದು ಪಟ್ಟೆಗಳೂ ಎಂಟು ಬೇಸಿಗೆ ಒಣಗಿದ್ದವೆಂಬಂತೆ ಒಟ್ಟಿಗೆ ಹೊತ್ತಿಕೊಂಡವು. ಹೊಗೆ ಬರಲಿಲ್ಲ. ಸದ್ದೂ ಇರಲಿಲ್ಲ. ಒಂದು ವೀಳ್ಯ ಜಗಿಯುವಷ್ಟು ಹೊತ್ತಿನಲ್ಲಿ ಉರಿ ಇಳಿಯಿತು. ಬೂದಿ ಮಾತ್ರ ಬೀಳಲಿಲ್ಲ. ಬಿಳಿಯ ಬೂದಿಯಲ್ಲೇ ಚಿತೆ ಇದ್ದ ಹಾಗೇ ನಿಂತಿತ್ತು. ನಾಲ್ಕು ಬದಿ, ನಾಲ್ಕು ಮೂಲೆ, ಎಡಕ್ಕೆ ವಾಲಿದ ಒಂದೊಂದು ಹಲ್ಲೂ ಹಾಗೇ ಇತ್ತು. ಹತ್ತಿರವಿದ್ದ ಮೂವರೂ ಉಸಿರು ಬಿಡಲು ಹೆದರಿ ನೋಡುತ್ತಿದ್ದರು. ಕೊನೆಗೆ ವಿಲೈ ಎಲುಬು ಆಯಲು ಬಗ್ಗಿ, "ಅಪ್ಪ, ಕೈ ಹಾಕ್ತೀನಿ," ಎಂದಳು. ಆ ಮಾತಿನ ಗಾಳಿಗೆ ಎಲ್ಲ ಕುಸಿಯಿತು.

ಆಯ್ದ ಎಲುಬಿನಲ್ಲಿ ಕಪ್ಪು ಇರಲಿಲ್ಲ. ವಿಲೈ ಒಂದು ಚೂರನ್ನು ಅಂಗೈಯಲ್ಲಿಟ್ಟು ಪಿಕುನ್‌ಗೆ ತೋರಿಸಿದಳು.

ಸಂಜೆ ಹಿರಿಯ ಭಂತೆಯ ದಹನ ಆಯಿತು. ಐದು ಅಂತಸ್ತಿನ ಬಾಳೆಚಿತ್ತಾರ, ಅದರ ಮೇಲೆ ಎಕ್ಕದ ಮೊಗ್ಗಿನ ಬಲೆ, ಮೂಲೆಮೂಲೆಗೂ ಇಳಿಬಿದ್ದ ಮಲ್ಲಿಗೆ. ಬಾಳೆ ತನ್ನ ರೀತಿಯಲ್ಲೇ ನಿಧಾನವಾಗಿ, ಆವಿಯಾಡುತ್ತ ಉರಿಯಿತು. ಮುಂದಿನ ಸಾಲಿನ ಮುದುಕಿಯರು ಮೂಗು ಮುಚ್ಚಲಿಲ್ಲ. ಮೂರನೆಯ ದಿನ ಬೂದಿಯನ್ನೂ ಉಳಿದ ದಿಂಡು, ನಾರು, ಹೂವನ್ನೂ ವಿಹಾರದ ತೋಟದಲ್ಲಿ ಹೂತರು. ಅದರ ಮೇಲೆ ವಿಲೈ ತನ್ನ ಹಿತ್ತಲಿನಿಂದ ತಂದ ಒಂಬತ್ತು ಬಾಳೆಕಂದು ನೆಟ್ಟಳು. ಇನ್ನೊಬ್ಬ ಭಂತೆ ಹೋಗುವ ಹೊತ್ತಿಗಾದರೂ ಊರಲ್ಲಿ ಕಲ್ಲುಬಾಳೆ ಇರಲಿ ಎಂದಳು.

ಪಿಕುನ್ ಈಗ ಥರ್ಮಾಕೋಲ್ ಮುಟ್ಟುವುದಿಲ್ಲ. ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. ಉಳಿದವರಿಗೂ ಅವಳ ಮೇಲೆ ಒಂದು ದೂರಿದೆ. "ನಮ್ಮತ್ತೆಯದಕ್ಕೆ ನೀವೇ ಮಾಡ್ತೀರಿ ತಾನೆ?" ಎಂದು ಯಾರಾದರೂ ಕೇಳಿದರೆ, "ಅವರು ಚೆನ್ನಾಗಿರಲಿ, ಆ ದಿನ ಬಂದ್ರೆ ಬನ್ನಿ," ಎನ್ನುತ್ತಾಳೆ. ಹೂಂ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಮಣಿಕಟ್ಟಿನ ನೋವು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ದಾಸ್ತಾನು ಹಾಗೇ ಬಿದ್ದಿದೆ: ಥರ್ಮಾಕೋಲಿನ ನವಿಲುಗಳು, ಹೃದಯಗಳು, ಚಿನ್ನದ ಬಣ್ಣ ಬಳಿದ ಹಲ್ಲಿನ ಸಾಲುಗಳು. ಸುಟ್ಟರೆ ಆ ಹೊಗೆ, ಹೂಳಿದರೆ ಮಣ್ಣು ತಿನ್ನದು. ಕೊಳ್ಳುವವರಿಗೆ ಕೊಡಲು ಅವಳಿಗೆ ಮನಸ್ಸಿಲ್ಲ. ಕೋಣೆಗೆ ಕಿಟಕಿಯಿಲ್ಲ, ಬಾಗಿಲಿಗೆ ಬೀಗ ಹಾಕಿದೆ. ಆದರೂ ನಡುಮಧ್ಯಾಹ್ನ ಬೀದಿ ನಿಶ್ಶಬ್ದವಾದಾಗ ಅವು ಒಂದಕ್ಕೊಂದು ಉಜ್ಜಿಕೊಂಡು ಕಿರುಗುಟ್ಟುವುದು ಕೇಳಿಸುತ್ತದೆ. ಒಮ್ಮೆ ವಿಲೈಯೂ ಕೇಳಿಸಿಕೊಂಡಳು.

"ಇಲಿ ಇರಬೇಕು," ಎಂದಳು ವಿಲೈ.

"ಇರಬೇಕು," ಎಂದಳು ಪಿಕುನ್, ಮಲ್ಲಿಗೆ ಪೋಣಿಸುತ್ತ.